ಉಪ್ಪಿನ ಪೆಟ್ಟಿಗೆಯ ಗಂಟೆ, ಕಡಲ ದಂಡೆಯ ವರ್ಷ

ಮಾನ್ಯ ಸಂಪಾದಕರೆ,

ಚಳ್ಳಕೆರೆಯಲ್ಲಿ 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಶುರುವಾದ ಮೇಲೆ ನಮ್ಮ ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಹುಡುಗರಿಗೆ ವಿಮಾನದ ಕೆಲಸದತ್ತ ಒಲವು ಬಂದಿದೆ. ವಿಮಾನದ ಬಣ್ಣ ಕಡಲ ಗಾಳಿಗೆ ಹೇಗೆ ತಡೆಯುತ್ತದೆ ಎಂಬ ಪ್ರಾಜೆಕ್ಟ್ ಹಿಡಿಯುವವರು ಒಂದು ತಪ್ಪು ಮಾಡಬಾರದು: ಉಪ್ಪುನೀರು ಸಿಂಪಡಿಸಿ ಬಣ್ಣ ಪರೀಕ್ಷಿಸುವ ಸಾಲ್ಟ್ ಸ್ಪ್ರೇ ಪೆಟ್ಟಿಗೆಯಲ್ಲಿ ಸಾವಿರ ಗಂಟೆ ಉಳಿದದ್ದನ್ನು ಸಮುದ್ರದ ಇಷ್ಟು ವರ್ಷಕ್ಕೆ ಸಮ ಎಂದು ಬರೆಯುವುದು.

ಆ ಪೆಟ್ಟಿಗೆಯಲ್ಲಿ 35 ಡಿಗ್ರಿ ಶಾಖ, ಶೇ 5ರ ಉಪ್ಪುನೀರಿನ ಮಂಜು ಹಗಲಿರುಳು ಇರುತ್ತದೆ. ಬಿಸಿಲಿಲ್ಲ, ಒಣಗುವುದಿಲ್ಲ. ದಂಡೆಯಲ್ಲಾದರೆ ಹಗಲು ನೇರಳಾತೀತ ಕಿರಣ ಬಣ್ಣವನ್ನು ಸೀಳುತ್ತದೆ, ರಾತ್ರಿ ಇಬ್ಬನಿ ಆ ಸೀಳಿಗೆ ಉಪ್ಪು ಇಳಿಸುತ್ತದೆ. ಶುದ್ಧ ಉಪ್ಪು ನೀರೊಡೆಯಲು ಗಾಳಿಯಲ್ಲಿ ಸುಮಾರು ಶೇ 75ರ ತೇವ ಬೇಕು. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್‌ಗೆ ಶೇ 33 ಸಾಕು. ಭರಣಿಯ ಕಲ್ಲುಪ್ಪು ಮಳೆಗಾಲದಲ್ಲಿ ಪುಡಿ ಉಪ್ಪಿಗಿಂತ ಮೊದಲು ಒದ್ದೆಯಾಗುವುದು ಇದರಿಂದಲೇ. ರೆಕ್ಕೆಯ ಅಡಿ ಒಣಗಿದಂತೆ ಕಂಡರೂ ಒಳಗೆ ಪಸೆ ಇರುತ್ತದೆ.

ಈ ಪೆಟ್ಟಿಗೆಗಿಂತ ಎಎಸ್‌ಟಿಎಂ ಡಿ5894 ಎಂಬ ಪ್ರಮಾಣಿತ ಪರೀಕ್ಷಾ ವಿಧಾನ ಮೇಲು. ಒಂದು ವಾರ ಸರದಿಯಂತೆ 60 ಡಿಗ್ರಿಯಲ್ಲಿ 4 ಗಂಟೆ ನೇರಳಾತೀತ ಕಿರಣ (ಯುವಿ), 50 ಡಿಗ್ರಿಯಲ್ಲಿ 4 ಗಂಟೆ ಹನಿಗಟ್ಟುವ ಆವಿ. ಮರುವಾರ ಒಂದು ಗಂಟೆ ಸಿಂಪಡಣೆ, ಒಂದು ಗಂಟೆ 35 ಡಿಗ್ರಿಯಲ್ಲಿ ಒಣಗಿಸುವುದು. ಇಲ್ಲಿ ಉಪ್ಪು ಶೇ 0.05 ಮಾತ್ರ, ಜೊತೆಗೆ ಶೇ 0.35 ಅಮೋನಿಯಂ ಸಲ್ಫೇಟ್. ಇದೂ ವರ್ಷದ ಲೆಕ್ಕ ಕೊಡದು. ಯಾವ ಬಣ್ಣ ಯಾವುದಕ್ಕಿಂತ ವಾಸಿ ಎಂದಷ್ಟೇ ಹೇಳುತ್ತದೆ.

ಫಲಿತಾಂಶ ಹೆಚ್ಚಾಗಿ ಕೆಡುವುದು ತಗಡು ಸಿದ್ಧಮಾಡುವಾಗಲೇ. ಶುದ್ಧ ಅಲ್ಯುಮಿನಿಯಂ ಪದರ ಹೊದಿಸಿದ ಕ್ಲ್ಯಾಡ್ ಹಾಳೆ ಬೇಡ, ವಿಮಾನಕ್ಕೆ ಬಳಸುವ ಮಿಶ್ರಲೋಹ 2024-ಟಿ3ಯ ಬರಿಯ ಹಾಳೆ ತೆಗೆದುಕೊಳ್ಳಿ. ಪರೀಕ್ಷೆಗೆಂದು ಬಣ್ಣದ ಮೇಲೆ ಎಳೆಯುವ ಗೀರು ಕ್ಲ್ಯಾಡ್‌ನ ಆ ಪದರದಲ್ಲೇ ನಿಂತರೆ ಒಳಗಿನ ತಾಮ್ರ ಬೆರೆತ ಲೋಹಕ್ಕೆ ಉಪ್ಪು ತಾಗುವುದೇ ಇಲ್ಲ. ಪದರ ಕಾಪಾಡಿದ್ದನ್ನು ಬಣ್ಣದ ಖಾತೆಗೆ ಬರೆದುಬಿಡುತ್ತೇವೆ. ತೊಳೆದ ತಗಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಪ್ರೈಮರ್ (ಮೊದಲ ಪದರದ ಬಣ್ಣ) ಅಡಿ ಉಳಿದು ನೀರೆಳೆಯುತ್ತದೆ, ಬೆರಳಚ್ಚಿನ ಆಕಾರದಲ್ಲೇ ಗುಳ್ಳೆ ಏಳುತ್ತದೆ. ಅದರ ಮೇಲಿನ ಪಾಲಿಯುರಿಥೇನ್ ಬಣ್ಣ ಬಳಿದ ಮೇಲೆ ಕನಿಷ್ಠ 7 ದಿನ ಬಿಡಿ. ಅಂಚು, ಹಿಂಬದಿ ಮುಚ್ಚಿ. ಕಾರ್ಬೈಡ್ ಮೊನೆಯಿಂದ ಲೋಹ ಹೊಳೆಯುವವರೆಗೆ ಗೀರಿ. ಪ್ರತಿ ತಗಡಿಗೂ ಒಂದೆರಡು ಸ್ಟೀಲ್ ಸ್ಕ್ರೂ ಹಾಕಲೇಬೇಕು: ಹಾರುವ ವಿಮಾನದಲ್ಲಿ ಬಣ್ಣ ಮೊದಲು ಬಿರಿಯುವುದು ರಿವೆಟ್, ಸ್ಕ್ರೂ ತಲೆಯ ಸುತ್ತ, ಅಲ್ಯುಮಿನಿಯಂ ತುಕ್ಕಿನ ಬಿಳಿ ಹಿಟ್ಟು ಮೊದಲು ಹೊರಡುವುದೂ ಅಲ್ಲಿಂದಲೇ.

ನಮ್ಮ ಕೋರಿಕೆ ಇಷ್ಟು. ಇಲ್ಲಿನ ಕಾಲೇಜುಗಳು ಕಾರವಾರದ ಕಡೆಯ ಯಾವುದಾದರೂ ಕಾಲೇಜಿನೊಡನೆ ಮಾತಾಡಿ ಒಂದೇ ಬಗೆಯ ತಗಡುಗಳನ್ನು ಎರಡೂ ಕಡೆ 30 ಡಿಗ್ರಿ ಓರೆಯಲ್ಲಿ, ಕಾರವಾರದಲ್ಲಿ ಕಡಲಿಗೆ ಮುಖವಾಗಿ, ನಿಲ್ಲಿಸಲಿ. ಅಲೆಯಿಂದ ಎಷ್ಟು ಮೀಟರ್ ದೂರ ಎಂದು ಬರೆದಿಡಲಿ. 25 ಮೀಟರಿಗೂ 250ಕ್ಕೂ ಬಹಳ ವ್ಯತ್ಯಾಸ. ತೊಳೆಯಬಾರದು. ಒಂದೆರಡು ತಗಡಿನ ಹಿಂಬದಿಗೂ ಬಣ್ಣ ಬಳಿದು ತೆರೆದೇ ಬಿಡಿ: ಮಳೆ ಮೇಲ್ಮೈಯ ಉಪ್ಪನ್ನು ಕೊಚ್ಚುತ್ತದೆ, ಅಡಿಯದು ಉಳಿಯುತ್ತದೆ. ಹೊಳಪು ಎರಡೂ ಊರಲ್ಲಿ ಒಂದೇ ಸಮ ಇಳಿದರೆ ಅದು ಮುಖ್ಯವಾಗಿ ಬಿಸಿಲಿನ ಕೆಲಸ; ಗೀರಿನ ಪಕ್ಕ ಗುಳ್ಳೆ ಕಾರವಾರದಲ್ಲಷ್ಟೇ ಎದ್ದರೆ ಉಪ್ಪಿನದು.

– ಲೇಪನ ಪರೀಕ್ಷೆಯ ಕೆಲಸದಲ್ಲಿರುವವರು, ಚಿತ್ರದುರ್ಗ