ವೈಶಾಖದ ಬಂಡಿಹಬ್ಬದ ಒಳಗೆ ನಮ್ಮ ಸಭಾಭವನಕ್ಕೆ ಹೊಸ ಮಾಡು (ಛಾವಣಿ) ಏಳಬೇಕು

ಊರಲ್ಲಿರುವ ಮತ್ತು ಊರು ಬಿಟ್ಟು ಹೋದರೂ ಊರನ್ನು ಮರೆಯದ ಎಲ್ಲ ಬಂಧುಗಳಿಗೆ ನಮಸ್ಕಾರ.

ಕಳೆದ ಪುಷ್ಯ ಮಳೆಯಲ್ಲಿ ಅಂಕೋಲೆಯ ನಮ್ಮ ಕೇರಿ ದೇವಸ್ಥಾನದ ಸಭಾಭವನದ ಮಾಡು ಕುಸಿದ ಸುದ್ದಿ ನಿಮಗೆ ಗೊತ್ತೇ ಇದೆ. ಫೋಟೋಗಳನ್ನೂ ನೋಡಿದ್ದೀರಿ. ದಿನಗಟ್ಟಲೆ ಬಿಡದೆ ಸುರಿದ ಮಳೆಗೆ ಹಂಚೆಲ್ಲ ನೀರು ಕುಡಿದು ಭಾರವಾಗಿತ್ತು. ಕೆಳಗಿನ ತೊಲೆಗೆ ಒರಲೆ (ಗೆದ್ದಲು) ಹಿಡಿದಿತ್ತು. ಹೊರಗಿನ ಬಣ್ಣ ಹಾಗೆಯೇ ಇತ್ತು, ಒಳಗಿನ ಮರ ಪುಡಿಯಾಗಿತ್ತು. ಬೆಳಗಿನ ಜಾವ ವೇದಿಕೆಯ ಕಡೆಯ ಎರಡು ಅಂಕಣ (ತೊಲೆಗಳ ನಡುವಿನ ಭಾಗ) ಒಮ್ಮೆಲೇ ಕೆಳಗೆ ಬಂತು. ಹಿಂದಿನ ಸಂಜೆ ಅದೇ ಜಾಗದಲ್ಲಿ ಹೆಂಗಸರು, ಮಕ್ಕಳು ಕೂತು ಭಜನೆ ಮಾಡಿ ಮನೆಗೆ ಹೋಗಿದ್ದರು. ಒಬ್ಬರಿಗೂ ಗಾಯವಾಗಲಿಲ್ಲ. ದೇವರ ದಯೆ, ಅದಕ್ಕಿಂತ ಬೇರೆ ಮಾತಿಲ್ಲ.

ಅಂದಿನಿಂದ ಭವನಕ್ಕೆ ಬೀಗ ಬಿದ್ದಿದೆ. ಉಳಿದ ಅಂಕಣಗಳ ಮೇಲೆ ತಾಡಪತ್ರಿ ಹೊದಿಸಿ ಮಳೆಗಾಲ ಕಳೆದೆವು. ಎಂಜಿನಿಯರು ಬಂದು ನೋಡಿ, ಇದು ತೇಪೆ ಹಾಕುವ ಕೆಲಸ ಅಲ್ಲ, ಪೂರ್ತಿ ಬಿಚ್ಚಿ ಹೊಸದಾಗಿಯೇ ಕಟ್ಟಬೇಕು ಎಂದರು. ಗೋಡೆಗೆ ಮಾತ್ರ ಏನೂ ಆಗಿಲ್ಲ. ಹಿರಿಯರು ಕಟ್ಟಿಸಿದ ಚಿರೆಕಲ್ಲಿನ ಗೋಡೆ ಅದು, ಇನ್ನೊಂದು ತಲೆಮಾರಿಗೂ ಸಾಕು.

ಆ ಹಿರಿಯರ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಲೇಬೇಕು. 1930ರಲ್ಲಿ ಅಂಕೋಲೆಯವರು ಉಪ್ಪು ಮಾಡಿ ಬ್ರಿಟಿಷರ ಕಾನೂನು ಮುರಿದದ್ದು ನಾಡಿಗೆಲ್ಲ ಗೊತ್ತು. ಆಮೇಲೆ ನಡೆದ ಕರನಿರಾಕರಣೆಯಲ್ಲಿ ಇಲ್ಲಿನ ರೈತರ ಗದ್ದೆ, ದನ, ಮನೆಯ ಪಾತ್ರೆ ಕೂಡ ಜಪ್ತಿಯಾದವು. ಆದರೂ ಕರ ಕಟ್ಟಲಿಲ್ಲ. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ಹಾಗೆ, ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ನಮ್ಮೂರಿಗೆ ಸುಮ್ನೆ ಬಂದದ್ದಲ್ಲ. ಅಂಥವರ ಮಕ್ಕಳು ಕಟ್ಟಿದ ಭವನ ಇದು. ಅವರ ಕೈಯಲ್ಲೂ ದುಡ್ಡು ಇರಲಿಲ್ಲ. ಮನೆ ಮನೆಯಲ್ಲಿ ಒಂದು ಗಡಿಗೆ ಇಟ್ಟಿದ್ದರು. ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ಒಂದು ಮುಷ್ಟಿ ಅಕ್ಕಿ ಆ ಗಡಿಗೆಗೆ ಹಾಕುವುದು. ವಾರಕ್ಕೊಮ್ಮೆ ಹುಡುಗರು ಚೀಲ ಹಿಡಿದು ಹೋಗಿ ಅದನ್ನು ಒಟ್ಟು ಮಾಡಿ ಪೇಟೆಯಲ್ಲಿ ಮಾರುವುದು. ಮುಷ್ಟಿ ಅಕ್ಕಿಯ ದುಡ್ಡಲ್ಲೇ ತಳಪಾಯ ಎದ್ದಿತು. ಕಲ್ಲು ಹೊತ್ತವರು ಕೂಲಿ ಕೇಳಲಿಲ್ಲ. ಆಚಾರಿಗಳು ಅರ್ಧ ಮಜೂರಿಗೆ ಕೆಲಸ ಮಾಡಿದರು. ಹಂಚು ಕುಂದಾಪುರದ ಕಡೆಯಿಂದ ಲಾರಿಯಲ್ಲಿ ಬಂದ ದಿನ ಇಡೀ ಕೇರಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಮೇಲೆ ಏರಿಸಿತು ಎಂದು ನಮ್ಮ ಅಪ್ಪಂದಿರು ಹೇಳುತ್ತಿದ್ದರು.

ಐವತ್ತು ವರ್ಷಕ್ಕೂ ಮೇಲಾಯಿತು. ಅಂದಿನಿಂದ ನಮ್ಮ ಒಳ್ಳೆಯದು, ಕೆಟ್ಟದ್ದು ಎರಡೂ ಆ ಮಾಡಿನ ಕೆಳಗೇ ನಡೆದವು. ನಿಮ್ಮಲ್ಲಿ ಎಷ್ಟು ಜನರ ಮದುವೆ ಅಲ್ಲಿ ಆಗಿಲ್ಲ ಹೇಳಿ? ಎಷ್ಟು ಜನರ ಅಜ್ಜ, ಅಜ್ಜಿಯರ ವೈಕುಂಠ ಸಮಾರಾಧನೆಗೆ ಅಲ್ಲಿ ಎಲೆ ಹಾಕಿಲ್ಲ? ಚೌತಿಗೆ ಗಣಪತಿ ಕೂರುವುದು ಅಲ್ಲಿ. ತುಳಸಿ ಲಗ್ನ ಮುಗಿದ ಮೇಲೆ ಮದುವೆಗಳು ಸುರುವಾದರೆ ಮೇ ಕೊನೆಯವರೆಗೂ ಒಂದು ಶುಭ ದಿನ ಖಾಲಿ ಸಿಗುತ್ತಿರಲಿಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಅಲ್ಲಿ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದ ಮಾತಿನ ಯಕ್ಷಗಾನ. ಹೊರಗೆ ಧೋ ಎಂದು ಮಳೆ, ಒಳಗೆ ಭಾಗವತರ ಪದ, ಎದುರುಬದುರು ಕೂತ ಅರ್ಥಧಾರಿಗಳ ವಾದ. ಕೃಷ್ಣಸಂಧಾನ ಪ್ರಸಂಗದ ರಾತ್ರಿಗಳಲ್ಲಿ ಬಾಗಿಲ ಹೊರಗೂ ಕೊಡೆ ಹಿಡಿದು ನಿಂತು ಕೇಳಿದವರಿದ್ದಾರೆ.

ಬಡಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಗಿಡಮರ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರ ಹೆಸರು 2020ರ ಪದ್ಮಶ್ರೀ ಪಟ್ಟಿಯಲ್ಲಿ ಬಂದಾಗ ನಮ್ಮ ಅಂಗಳದಲ್ಲೂ ಸಿಹಿ ಹಂಚಿದ್ದೆವು. ಇಬ್ಬರೂ ಈಗ ಇಲ್ಲ. ಇಂಥವರು ಹುಟ್ಟಿ ಬೆಳೆದ ತಾಲೂಕು ನಮ್ಮದು ಎಂದು ಹೇಳಿಕೊಳ್ಳುವಾಗ ಇವತ್ತಿಗೂ ಎದೆ ತುಂಬುತ್ತದೆ.

ನಮಗೆ ಎಲ್ಲಕ್ಕಿಂತ ಹೆಮ್ಮೆ ಕೊಡುವುದು ಅಲ್ಲಿನ ಅಡುಗೆಮನೆ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿ ಹೊಳೆದಂಡೆಯ ಊರುಗಳೆಲ್ಲ ಮುಳುಗಿದಾಗ ಆ ಒಲೆ ಆರಲಿಲ್ಲ. ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಗಂಜಿ, ಚಾಪೆ, ಒಣ ಬಟ್ಟೆ ಕೊಟ್ಟೆವು. ಯಾರ ಜಾತಿ ಯಾವುದು, ಯಾವ ಊರು ಎಂದು ಒಬ್ಬರೂ ಕೇಳಲಿಲ್ಲ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಕೇರಳ, ತಮಿಳುನಾಡಿನ ಲಾರಿಗಳು ಸಾಲಾಗಿ ನಿಂತವು. ನಮ್ಮ ಹುಡುಗರು ಅನ್ನ ಸಾರು ಕಟ್ಟಿಕೊಂಡು ಬೈಕಿನಲ್ಲಿ ಹೋಗಿ ಆ ಡ್ರೈವರುಗಳಿಗೆ ಕೊಟ್ಟು ಬಂದರು. ಅನ್ನ ಬೆಂದದ್ದು ಇದೇ ಅಡುಗೆಮನೆಯ ಕೊಪ್ಪರಿಗೆಯಲ್ಲಿ. ಆ ಕೊಪ್ಪರಿಗೆಯ ಅಂಚಿನಲ್ಲಿ ಯಾರೋ ತಮ್ಮ ತಾಯಿಯ ಹೆಸರು ಕೆತ್ತಿಸಿ ಕೊಟ್ಟಿದ್ದಾರೆ. ಹಂಡೆ, ಸೌಟು, ಬಕೆಟ್ಟು, ಫ್ಯಾನು, ಎಲ್ಲದರ ಮೇಲೂ ಹೀಗೆ ಒಬ್ಬೊಬ್ಬರ ಸ್ಮರಣೆ ಇದೆ. ಮಾಡು ಬಿದ್ದ ದಿನ ಹುಡುಗರು ಮೊದಲು ಓಡಿ ಹೋಗಿ ಹೊರಗೆ ತಂದದ್ದು ಈ ಪಾತ್ರೆಗಳನ್ನು. ಎಲ್ಲವೂ ದೇವಸ್ಥಾನದ ಉಗ್ರಾಣದಲ್ಲಿ ಜೋಪಾನವಾಗಿವೆ. ಕೊಟ್ಟವರು ಚಿಂತೆ ಮಾಡುವುದು ಬೇಡ.

ಈಗಿನ ಸ್ಥಿತಿ ಹೇಳುತ್ತೇವೆ. ಹೆದ್ದಾರಿ ಬದಿಯ ದೊಡ್ಡ ಹಾಲ್‌ಗಳ ಒಂದು ದಿನದ ಬಾಡಿಗೆ ಎಷ್ಟು ಎಂದು ಮದುವೆ ಮಾಡಿಸಿದವರಿಗೆ ಗೊತ್ತು. ಲೈಟು, ಜನರೇಟರು, ಕಸ ತೆಗೆಯುವುದು ಎಂದು ಅದರ ಮೇಲೆ ಬೇರೆ ಲೆಕ್ಕ. ನಮ್ಮ ಭವನದಲ್ಲಿ ಕರೆಂಟು, ನೀರಿನ ಖರ್ಚು ಬಿಟ್ಟರೆ ಕೈಲಾದಷ್ಟು ಕೊಟ್ಟರೆ ಸಾಕಿತ್ತು. ತೀರಾ ಇಲ್ಲದವರಿಂದ ಅದನ್ನೂ ತೆಗೆದುಕೊಂಡಿಲ್ಲ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಮನೆ ಮಾರು ಬಿಟ್ಟು ಬಂದ ಕುಟುಂಬಗಳ ಎಷ್ಟೋ ಮದುವೆ ಹೀಗೆ ನಡೆದವು.

ಭವನ ಮುಚ್ಚಿದ ಮೇಲೆ, ದಿನವನ್ನು ಮೊದಲೇ ಹಿಡಿದಿಟ್ಟವರಿಗೆಲ್ಲ ಮುಂಗಡ ವಾಪಸು ಕೊಡಬೇಕಾಯಿತು. ಅದರಲ್ಲಿ ಒಂದು ಮೀನುಗಾರ ಕುಟುಂಬ. ತಂದೆ ಬೇರೆಯವರ ಬೋಟಿನಲ್ಲಿ ದುಡಿಯುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವ ಹಾಗಿಲ್ಲ. ಆ ಎರಡು ತಿಂಗಳು ಮನೆ ನಡೆಯುವುದೇ ಸಾಲದಲ್ಲಿ. ಮಗಳ ಮದುವೆಗೆ ದಿನ ಗೊತ್ತಾಗಿತ್ತು, ಪತ್ರಿಕೆ ಅಚ್ಚಾಗಿತ್ತು. ಕೊನೆಗೆ ತಾಯಿಯ ಕೈಬಳೆ ಅಡವಿಟ್ಟು ಬೇರೆ ಹಾಲ್ ಹಿಡಿದರು. ಮದುವೆಗೆ ನಾವೂ ಹೋಗಿದ್ದೆವು. ಆ ತಾಯಿ ಬಂದು, "ನಮ್ಮ ಭವನ ಇದ್ದಿದ್ರೆ ಇಷ್ಟು ಕಷ್ಟ ಇರ್ಲಿಲ್ಲ ಅಲ್ವಾ?" ಎಂದಷ್ಟೇ ಕೇಳಿದರು. ಊಟ ಗಂಟಲಲ್ಲಿ ಇಳಿಯಲಿಲ್ಲ. ಇಂಥ ಮನೆಗಳು ಇನ್ನೂ ಇವೆ. ಈ ಏಪ್ರಿಲ್, ಮೇ ತಿಂಗಳ ಮದುವೆಗಳಿಗೆ ಬಂದು ಕೇಳುತ್ತಿದ್ದಾರೆ. ಅವರಿಗೆ ಹೌದು ಎನ್ನಲೂ ಆಗುತ್ತಿಲ್ಲ, ಇಲ್ಲ ಎನ್ನಲು ಮನಸ್ಸೂ ಬರುತ್ತಿಲ್ಲ.

ಸಂಜೆಯ ಭಜನೆ ಈಗ ದೇವಸ್ಥಾನದ ಜಗಲಿಯಲ್ಲಿ ನಡೆಯುತ್ತಿದೆ. ಜಾಗ ಸಾಲದೆ ವಯಸ್ಸಾದವರು ಮೆಟ್ಟಿಲ ಮೇಲೆ ಕೂರುತ್ತಾರೆ. ಹತ್ತನೇ ತರಗತಿಯ ಮಕ್ಕಳಿಗೆ ಮಾಸ್ತರೊಬ್ಬರು ಸಂಬಳವಿಲ್ಲದೆ ಪಾಠ ಹೇಳುತ್ತಿದ್ದರು. ಪರೀಕ್ಷೆ ಹತ್ತಿರ ಬಂದಿದೆ, ಪಾಠ ಈಗ ಅವರ ಮನೆಯ ಅಂಗಳಕ್ಕೆ ಹೋಗಿದೆ. ರಕ್ತದಾನ ಶಿಬಿರ ಈ ಸಲ ಆಗಲೇ ಇಲ್ಲ. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕಾದ ಜಿಲ್ಲೆ ನಮ್ಮದು. ಅಂಥ ಹೊತ್ತಿನಲ್ಲಿ ರಕ್ತಕ್ಕಾಗಿ ಪರದಾಡಿದವರಿಗೆ ಈ ಶಿಬಿರದ ಬೆಲೆ ಗೊತ್ತು.

ಮಾಡು ಯಾವುದಾಗಬೇಕು ಎಂಬುದರ ಬಗ್ಗೆ ಸಭೆಯಲ್ಲಿ ಬಹಳ ಚರ್ಚೆಯಾಯಿತು. ತಗಡಿನ ಶೀಟು ಹಾಕಿ, ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ ಎಂದವರಿದ್ದರು. ಅವರ ಮಾತಿನಲ್ಲಿ ಅರ್ಥ ಇಲ್ಲದಿಲ್ಲ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕರಾವಳಿಯಲ್ಲಿ ಶೀಟಿನ ಕೆಳಗೆ ಕೂತರೆ ಮಂತ್ರವೂ ಕೇಳದು, ಮದ್ದಳೆಯೂ ಕೇಳದು. ಮೇ ತಿಂಗಳ ಸೆಖೆಯಲ್ಲಿ ಮದುಮಕ್ಕಳ ಗತಿ ಏನು? ಉಪ್ಪುಗಾಳಿಗೆ ತಗಡು ಎಷ್ಟು ವರ್ಷ ತಡೆಯುತ್ತದೆ ಎಂಬುದನ್ನು ನಮ್ಮ ಬಂದರಿನಲ್ಲಿ ನೋಡಿದರೆ ಸಾಕು. ಮತ್ತೆ ಮರದ ತೊಲೆಯೇ ಹಾಕೋಣ ಎಂದರೆ ಒಳ್ಳೆಯ ಮರದ ಬೆಲೆ ಕೈಗೆಟುಕದು, ಒರಲೆಯ ಹೆದರಿಕೆಯೂ ತಪ್ಪದು. ಕೊನೆಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಟ್ರಸ್, ಅಂದರೆ ಮಾಡು ಹೊರುವ ಚೌಕಟ್ಟು ನಿಲ್ಲಿಸಿ, ಮೇಲೆ ಮೊದಲಿನ ಹಾಗೆ ಹಂಚನ್ನೇ ಹೊದಿಸುವುದೆಂದು ಎಲ್ಲರೂ ಒಪ್ಪಿದರು. ಪೈಪಿಗೆ ತುಕ್ಕು ಹಿಡಿಯದ ಬಣ್ಣ ಎರಡು ಕೈ ಬಳಿಯಬೇಕು, ಜೋಡಿಸಿದ ಕಡೆ ಇನ್ನೂ ಜಾಸ್ತಿ. ಇದರಲ್ಲಿ ಮಾತ್ರ ಜಿಪುಣತನ ಮಾಡುವುದಿಲ್ಲ.

ಒಟ್ಟು ಸುಮಾರು 3,000 ಹಂಚು ಬೇಕು. ಹಳೆಯದರಲ್ಲಿ ಅರ್ಧದಷ್ಟು ಚೆನ್ನಾಗಿವೆ. ಗಣೇಶೋತ್ಸವ ಸಮಿತಿಯ ಹುಡುಗರು ಅವನ್ನು ಒಂದೊಂದಾಗಿ ಇಳಿಸಿ, ಪಾಚಿ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ ಸಾಲಾಗಿ ಜೋಡಿಸಿಟ್ಟಿದ್ದಾರೆ. ರಜೆಯಲ್ಲಿ ಬಂದ ಕಾಲೇಜು ಹುಡುಗಿಯರೂ ಕೈಜೋಡಿಸಿದರು. ಮುಂದಿನ ತಲೆಮಾರು ಇದನ್ನು ತಮ್ಮದೆಂದು ತಿಳಿದಿದೆ ಎನ್ನುವ ಧೈರ್ಯ ಬಂದದ್ದು ಅದನ್ನು ನೋಡಿದಾಗ.

ಖರ್ಚಿನ ಲೆಕ್ಕ ಅಂದಾಜಿನದು. ಟ್ರಸ್, ಹಂಚು, ರೀಪು, ಕೂಲಿ ಎಲ್ಲ ಸೇರಿ 12 ಲಕ್ಷದ ಹತ್ತಿರ. ಅಡುಗೆಮನೆಯ ದುರಸ್ತಿ, ವೈರಿಂಗು, ವೇದಿಕೆ, ಬಣ್ಣಕ್ಕೆ ಇನ್ನೊಂದು 4 ಲಕ್ಷ. ಠೇವಣಿ ಮುರಿಸಿ, ಕಾಣಿಕೆ ಹುಂಡಿಯದನ್ನೂ ಊರವರು ಈಗಾಗಲೇ ಕೊಟ್ಟದ್ದನ್ನೂ ಸೇರಿಸಿದರೆ ನಮ್ಮ ಕೈಯಲ್ಲಿ 5 ಲಕ್ಷದಷ್ಟಿದೆ. ಉಳಿದ 11 ಲಕ್ಷಕ್ಕೆ ನಿಮ್ಮನ್ನು ಬಿಟ್ಟರೆ ನಮಗೆ ಬೇರೆ ದಾರಿಯಿಲ್ಲ.

ಸಮಯ ಬಹಳ ಕಡಿಮೆ ಇದೆ. ಗೋಕರ್ಣದ ಶಿವರಾತ್ರಿ ತೇರು ಮುಗಿಯುವಷ್ಟರಲ್ಲಿ ಪೈಪು, ಹಂಚಿಗೆ ಮುಂಗಡ ಕೊಟ್ಟಾಗಿರಬೇಕು. ಹೋಳಿ ಹತ್ತಿರ ಬಂದು ಸುಗ್ಗಿ ಕುಣಿತ ಸುರುವಾದರೆ ಕೆಲಸಕ್ಕೆ ಜನ ಸಿಗುವುದಿಲ್ಲ. ಅದು ಕೆಲಸಕ್ಕೆ ಬರುವವರ ಹಬ್ಬ, ತಲೆಗೆ ತುರಾಯಿ ಕಟ್ಟಿ ಕುಣಿಯಬೇಕಾದ ದಿನಗಳಲ್ಲಿ ಅವರನ್ನು ಕೆಲಸಕ್ಕೆ ಕರೆಯುವುದೂ ಸರಿಯಲ್ಲ. ಅದು ಮುಗಿದು ಯುಗಾದಿಯ ನಂತರ ಮಾಡು ಏರಿದರೆ ವೈಶಾಖದಲ್ಲಿ ಶಾಂತಾದುರ್ಗೆಯ ಬಂಡಿಹಬ್ಬಕ್ಕೆ ಭವನ ಸಿದ್ಧವಾಗುತ್ತದೆ. ಮುಂಬೈ, ಪುಣೆ, ಗೋವಾ, ಬೆಂಗಳೂರಿನಿಂದ ನೀವೆಲ್ಲ ಊರಿಗೆ ಬರುವ ಕಾಲ ಅದು. ಆ ಹೊತ್ತಿಗೆ ಎಲೆ ಹಾಕಿ ನಿಮಗೆಲ್ಲ ಪಂಕ್ತಿಯಲ್ಲಿ ಊಟ ಬಡಿಸಬೇಕೆಂದು ನಮ್ಮ ಆಸೆ. ಅಷ್ಟರೊಳಗೆ ಆಗದಿದ್ದರೆ ಜೂನ್ ಮಳೆ ಬಂದೇ ಬರುತ್ತದೆ. ಇನ್ನೊಂದು ಮಳೆಗಾಲ ತೆರೆದುಕೊಂಡು ನಿಂತರೆ ಆ ಗಟ್ಟಿ ಗೋಡೆಯೂ ಉಳಿಯುವ ಭರವಸೆ ಇಲ್ಲ ಎಂದು ಎಂಜಿನಿಯರು ಸ್ಪಷ್ಟವಾಗಿ ಹೇಳಿದ್ದಾರೆ.

ಒಂದು ಟ್ರಸ್‌ನ ಪೂರ್ತಿ ಖರ್ಚು ಸುಮಾರು 60,000 ರೂಪಾಯಿ. ಒಂದು ಮನೆಯವರು, ಒಂದು ಕುಟುಂಬದ ಅಣ್ಣತಮ್ಮಂದಿರು ಸೇರಿ ಒಂದು ಟ್ರಸ್ ಹೊತ್ತುಕೊಳ್ಳಬಹುದು. 10,000 ರೂಪಾಯಿ ಮತ್ತು ಅದಕ್ಕೂ ಹೆಚ್ಚು ಕೊಟ್ಟವರ ಹೆಸರನ್ನು ಬಾಗಿಲ ಪಕ್ಕದ ಕಲ್ಲಿನ ಫಲಕದಲ್ಲಿ ಬರೆಸುತ್ತೇವೆ. ಅಷ್ಟು ಆಗದವರು ಹತ್ತು ಹಂಚಿನ ಬೆಲೆ ಕೊಡಿ, ಒಂದು ಹಂಚಿನದ್ದನ್ನೇ ಕೊಡಿ. ಮುಷ್ಟಿ ಅಕ್ಕಿಯಿಂದ ಎದ್ದ ಭವನಕ್ಕೆ ಯಾವ ಕಾಣಿಕೆಯೂ ಚಿಕ್ಕದಲ್ಲ. ಸಿಮೆಂಟು, ಬಣ್ಣ, ವಯರು ಹೀಗೆ ಸಾಮಾನಿನ ರೂಪದಲ್ಲಿ ಕೊಡುವವರು ಮೊದಲು ಸಮಿತಿಯವರಿಗೆ ತಿಳಿಸಿದರೆ ಒಂದೇ ಸಾಮಾನು ಎರಡೆರಡು ಸಲ ಬರುವುದು ತಪ್ಪುತ್ತದೆ. ಊರಲ್ಲಿರುವವರು ಭಾನುವಾರದ ಶ್ರಮದಾನಕ್ಕೆ ಬನ್ನಿ. ಮಧ್ಯಾಹ್ನದ ಊಟ ದೇವಸ್ಥಾನದಲ್ಲೇ.

ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಆದರೆ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ದೊಡ್ಡ ಮೊತ್ತವನ್ನು ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ಕಳಿಸಿ. ಪ್ಯಾನ್ ಸಂಖ್ಯೆ ಬರೆಯಲು ಮರೆಯಬೇಡಿ. ಖಾತೆಯ ವಿವರ, ಕ್ಯೂಆರ್ ಕೋಡ್ ದೇವಸ್ಥಾನದ ಕಚೇರಿಯಲ್ಲಿವೆ, ಮನೆಗೆ ಬರುವ ಕಾರ್ಯಕರ್ತರ ಹತ್ತಿರವೂ ಇವೆ. ರಸೀದಿ ಇಲ್ಲದೆ ಯಾರ ಕೈಗೂ ಹಣ ಕೊಡಬೇಡಿ, ಅವರು ನಮ್ಮವರೇ ಆಗಿದ್ದರೂ ಸರಿ. ಪ್ರತಿ ತಿಂಗಳ ಹುಣ್ಣಿಮೆಯಂದು ಬಂದದ್ದು, ಖರ್ಚಾದದ್ದು ಎರಡನ್ನೂ ದೇವಸ್ಥಾನದ ಬೋರ್ಡಿನಲ್ಲಿ ಬರೆದು ಹಾಕುತ್ತೇವೆ. ಯಾರು ಬೇಕಾದರೂ ಬಂದು ಪುಸ್ತಕ ತೆರೆದು ನೋಡಬಹುದು.

ಶಿವರಾತ್ರಿಯ ಮೊದಲು ನಿಮ್ಮ ಕೈಲಾದಷ್ಟು ಕಳಿಸಿಕೊಡಿ. ಈಗ ಕಳಿಸಲು ಆಗದಿದ್ದರೆ ಯಾವಾಗ, ಎಷ್ಟು ಎಂದು ಒಂದು ಮಾತು ತಿಳಿಸಿ. ಅದರ ಮೇಲೆಯೇ ನಾವು ಸಾಮಾನಿಗೆ ಹೇಳುತ್ತೇವೆ.

ಇಂತಿ ನಿಮ್ಮ,
ಆಡಳಿತ ಮಂಡಳಿಯ ಧರ್ಮದರ್ಶಿಗಳು ಮತ್ತು ಸಭಾಭವನ ಜೀರ್ಣೋದ್ಧಾರ ಸಮಿತಿ
ಅಂಕೋಲಾ, ಉತ್ತರ ಕನ್ನಡ