ಟೇಬಲ್ ಬುಕ್ ಮಾಡಿಲ್ಲ, ಮನೆಗೇ ಬಾ

ದೋಸ್ತ,

ನಿನ್ನ ಮೆಸೇಜು ನೋಡಿದೆ. ಮುಂದಿನ ತಿಂಗಳು ನಿಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಹೆಂಡತಿ ಮಕ್ಕಳ ಜೊತೆ ರಾಯಚೂರಿನಿಂದ ಬಳ್ಳಾರಿಗೆ ಬರುತ್ತೀಯ, ಇಲ್ಲಿ ಹೊಸದಾಗಿ ಆಗಿರುವ ಮೆಕ್ಸಿಕನ್ ರೆಸ್ಟೋರೆಂಟಿನಲ್ಲಿ ಟೇಬಲ್ ಬುಕ್ ಮಾಡು ಅಂದಿದ್ದೀಯ. ಫೋಟೋ ನೋಡಿ ಮರುಳಾಗಿದ್ದೀಯ. ನಾನೂ ಹಾಗೇ ಮರುಳಾದವನು. ಒಂದಲ್ಲ, ಮೂರು ಸಲ ಹೋಗಿ ಬಂದೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ.

ಜಾಗ ಚಂದ ಇದೆ, ಸುಳ್ಳು ಹೇಳಲ್ಲ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಕಾಲಿಟ್ಟರೆ ಊಟಿ. ಬಿದಿರಿನ ಬುಟ್ಟಿ ಬೋರಲು ಹಾಕಿದಂಥ ದೀಪಗಳು. ಹೂ ಮುಡಿದ ತಲೆಬುರುಡೆಯ ಚಿತ್ರಗಳು. ಬಾಗಿಲ ಹತ್ತಿರ ಮೊರದಗಲದ ಟೋಪಿಗಳು, ಹಾಕಿಕೊಂಡು ಫೋಟೋ ಹೊಡೆಸಿಕೊಳ್ಳಲು. ಗೋಡೆ ತುಂಬ ಪಾಪಾಸುಕಳ್ಳಿ ಬರೆಸಿದ್ದಾರೆ. ನಮ್ಮ ಹೊಲದ ಬದುವಿನಲ್ಲಿ ಬೆಳೆದರೆ ಕಡಿದು ಹಾಕುವ ಅದೇ ಕಳ್ಳಿ! ಮೆಕ್ಸಿಕೋದಲ್ಲಿ ಅದರ ಎಳೆಯ ಹಾಳೆಗಳ ಮುಳ್ಳು ತೆಗೆದು ಪಲ್ಯದ ಹಾಗೆ ಮಾಡಿ ತಿನ್ನುತ್ತಾರೆ. ಇಲ್ಲಿ ಅದು ಗೋಡೆ ಬಿಟ್ಟು ತಟ್ಟೆಗೆ ಇಳಿದಿಲ್ಲ. ಬೆಳಕು ಎಷ್ಟು ಕಮ್ಮಿ ಅಂದರೆ ಮೆನು ಓದಲು ಎಲ್ಲರೂ ಮೊಬೈಲ್ ಟಾರ್ಚ್ ಹಾಕಿಕೊಂಡು ಕೂತಿದ್ದರು. ಕರೆಂಟು ಹೋದ ನಮ್ಮ ಕೊಪ್ಪಳದ ಹಾಸ್ಟೆಲ್ ನೆನಪಾಯಿತು.

ಮೊದಲ ಸಲ ಹೋಗಿದ್ದು ಹೆಂಡತಿಯ ಹುಟ್ಟುಹಬ್ಬಕ್ಕೆ. ನಾಚೋಸ್ ಹೇಳಿದೆವು. 50 ನಿಮಿಷ ಆದಮೇಲೆ ಬಂತು. ಮೆತ್ತಗಾದ ಚಿಪ್ಸು, ಮೇಲೆ ತಣ್ಣಗಾಗಿ ಕೆನೆಗಟ್ಟಿದ ಚೀಸು. ಸಾಲ್ಸಾ ಅಂತ ಕೊಟ್ಟಿದ್ದು ಟೊಮೆಟೊ ಕೆಚಪ್ಪಿಗೆ ಈರುಳ್ಳಿ ಹೆಚ್ಚಿ ಹಾಕಿದ್ದು. ನಿನಗೆ ಗೊತ್ತಾ, ನಾಚೋಸ್ ಹುಟ್ಟಿದ್ದೇ ಅಡುಗೆಯವನು ಇಲ್ಲದಾಗ. 1940ರ ದಶಕದ ಶುರುವಿನಲ್ಲಿ ಅಮೆರಿಕದ ಗಡಿಯಲ್ಲಿರುವ ಮೆಕ್ಸಿಕೋದ ಪಿಯೆದ್ರಾಸ್ ನೆಗ್ರಾಸ್ ಎಂಬ ಊರಿನ ಹೋಟೆಲಿಗೆ ಗಡಿಯ ಆ ಕಡೆಯಿಂದ ಒಂದಿಷ್ಟು ಹೆಂಗಸರು ಬಂದರು. ಅಡುಗೆಯವನು ಕಾಣಲಿಲ್ಲ. ಇಗ್ನಾಸಿಯೋ ಅನಾಯಾ ಎಂಬ ಅಲ್ಲಿನ ಕೆಲಸಗಾರನೇ ಒಳಗೆ ಹೋಗಿ, ಇದ್ದ ರೊಟ್ಟಿ ಚೂರುಗಳ ಮೇಲೆ ಚೀಸು, ಮೆಣಸಿನಕಾಯಿ ಹಾಕಿ ಬಿಸಿ ಮಾಡಿ ಕೊಟ್ಟ. ಇಗ್ನಾಸಿಯೋ ಎನ್ನುವವರನ್ನು ಅಲ್ಲಿ ಪ್ರೀತಿಯಿಂದ ನಾಚೋ ಅಂತಾರೆ. ತಿಂಡಿಗೂ ಅದೇ ಹೆಸರು ಬಿತ್ತು. ನಮ್ಮ ಬಳ್ಳಾರಿಯವರು ಈ ಸಂಪ್ರದಾಯ ಬಿಟ್ಟಿಲ್ಲ ಅನ್ನಿಸುತ್ತದೆ, ಆ ದಿನ ಇಲ್ಲೂ ಅಡುಗೆಯವನು ಇರಲಿಕ್ಕಿಲ್ಲ.

ಆಮೇಲೆ ಎಂಚಿಲಾಡಾ ಬಂತು. ಹೆಸರಿನಲ್ಲೇ ಚಿಲ್ಲಿ ಕೂತಿದೆ ನೋಡು. ಮೆಣಸಿನಕಾಯಿ ಸಾರಿನಲ್ಲಿ ಅದ್ದಿದ್ದು ಅಂತ ಅದರ ಅರ್ಥ. ತಟ್ಟೆಯಲ್ಲಿ ಇದ್ದಿದ್ದು ಮೈದಾ ಚಪಾತಿ, ಒಳಗೆ ಪನೀರು, ಮೇಲೆ ಸಿಹಿ ಸಿಹಿ ಕೆಂಪು ಸಾಸು. ಬಳ್ಳಾರಿಯಲ್ಲಿ ಕೂತು ಖಾರ ಇಲ್ಲದ ಊಟ! ನೀರು ತಂದ ಹುಡುಗನನ್ನು ಸುಮ್ನೆ ಮಾತಾಡಿಸಿದೆ. ಸಿರುಗುಪ್ಪದ ಕಡೆಯವನು. ಅವರಪ್ಪ ಎರಡು ಎಕರೆ ಮೆಣಸಿನಕಾಯಿ ಹಾಕುತ್ತಾರಂತೆ, ಬ್ಯಾಡಗಿ ಮಾರ್ಕೆಟ್ಟಿಗೆ ಒಯ್ಯುತ್ತಾರಂತೆ. "ಖಾರ ಹಾಕಬ್ಯಾಡ ಅಂತ ಹೇಳ್ಯಾರ ಸಾರ್, ಫಾರಿನ್ ಊಟ ಅಲ್ಲೇನ್ರಿ" ಅಂದ. ಪಾಪ, ಅವನಿಗೂ ಯಾರೂ ಹೇಳಿಲ್ಲ. ಮೆಣಸಿನಕಾಯಿ ಮೆಕ್ಸಿಕೋ ಸೀಮೆಯದೇ ಬೆಳೆ ಕಣೋ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂತು. 1336ರಲ್ಲಿ ಹಂಪಿ ಕಟ್ಟಲು ಶುರು ಮಾಡಿದವರ ಸಾರಿಗೆ ಕರಿಮೆಣಸೇ ಗತಿ. ಮೆಣಸಿನಂತೆ ಖಾರ ಇರುವ ಕಾಯಿ ಬಂದಾಗ ನಮ್ಮವರು ಮೆಣಸಿನಕಾಯಿ ಅಂದರು, ಅಷ್ಟೇ.

ಇಷ್ಟಾದ ಮೇಲೂ ಮತ್ತೆ ಯಾಕೆ ಹೋದೆ ಅಂತೀಯ. ಅವ್ವ ಬಂದಿದ್ದಳು. ಮೊಮ್ಮಗಳು ಟೋಪಿ ಹಾಕಿಕೊಂಡ ಫೋಟೋ ತೋರಿಸಿದಳು, ಅಜ್ಜಿಗೂ ಆಸೆ ಆಯಿತು. ಈ ಸಲ ಟ್ಯಾಕೋ ಹೇಳಿದೆವು. 420 ರೂಪಾಯಿಗೆ ಮೂರು. ಗಟ್ಟಿ ಚಿಪ್ಪಿನಂಥವು, ಕಚ್ಚಿದ ತಕ್ಷಣ ಪುಡಿಯಾಗಿ ಮಡಿಲಿಗೆ ಬಿದ್ದವು. ಅವ್ವ ಆ ಚೂರು ಎತ್ತಿಕೊಂಡು ಮೂಸಿದಳು. ಮುರಿದಳು. "ಇದು ಗೋವಿನಜ್ವಾಳದ ರೊಟ್ಟಿ ಅಲ್ಲೇನೋ? ಯಾವಾಗಿಂದೋ ಏನೋ. ಬಿಸಿದು ಯಾಕ ಕೊಡಂಗಿಲ್ಲ?" ಅಂದಳು.

ಅಷ್ಟೇ ನೋಡು ವಿಷಯ. 65 ವರ್ಷ ರೊಟ್ಟಿ ತಿಂದು, 50 ವರ್ಷ ರೊಟ್ಟಿ ಬಡಿದ ಕೈ ಅದು, ಒಂದು ತುಂಡಿನಲ್ಲಿ ಹಿಡಿಯಿತು. ಮೆಕ್ಸಿಕೋದಲ್ಲಿ ಟ್ಯಾಕೋ ಅಂದರೆ ಹೆಂಚಿನಿಂದ ಆಗಷ್ಟೇ ಇಳಿಸಿದ ಮೆತ್ತನೆಯ ರೊಟ್ಟಿ. ಈ ಕಟುಂ ಕಟುಂ ಚಿಪ್ಪು ಅಂಗಡಿಗಳಲ್ಲಿ ಹಬ್ಬಿದ್ದು ಅಮೆರಿಕದಿಂದ. ಮೆಕ್ಸಿಕೋದ ಹೆಂಗಸರು ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಸಿಪ್ಪೆ ಉಜ್ಜಿ ತೊಳೆದು, ಕಲ್ಲಿನ ಮೇಲೆ ಅರೆದು ಹಿಟ್ಟು ಮಾಡುತ್ತಾರೆ. ಎಲೆಗೆ ಹಚ್ಚುವ ಸುಣ್ಣವೇ. ಬರೀ ಮೆಕ್ಕೆಜೋಳದ ಹಿಟ್ಟಿಗೆ ಜಿಗಿ ಇರಲ್ಲ, ಸುಣ್ಣದಿಂದ ಅದು ಬರುತ್ತದೆ. ಮೈಗೆ ಬೇಕಾದ ಒಂದು ಜೀವಸತ್ವವೂ ಸುಣ್ಣದಿಂದಲೇ ಬಿಡುಗಡೆಯಾಗುತ್ತದೆ. ಯುರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ವಿದ್ಯೆ ಒಯ್ಯಲಿಲ್ಲ. ಇಟಲಿ ಕಡೆ ಬರೀ ಅದನ್ನೇ ತಿಂದ ಬಡವರಿಗೆ ಪೆಲಾಗ್ರ ಎಂಬ ರೋಗ ಹತ್ತಿತು. ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮೆ. ಇದನ್ನೆಲ್ಲ ಟೇಬಲ್ ಮೇಲೇ ಮೊಬೈಲ್ ಹಿಡಿದು ಓದಿ ಹೇಳಿದೆ. "ಸುಣ್ಣದಾಗ?" ಅಂತ ಅವ್ವ ಎರಡು ಸಲ ಕೇಳಿದಳು. ಆಮೇಲೆ ಮಾತಾಡಲಿಲ್ಲ, ಏನೋ ಲೆಕ್ಕ ಹಾಕುತ್ತಿದ್ದಳು.

ಲೆಕ್ಕ ಅಂದಾಗ ನೆನಪಾಯಿತು, ಬಿಲ್ಲು. ಊಟ 2,310 ರೂಪಾಯಿ. ಅದರ ಮೇಲೆ 10% ಸರ್ವಿಸ್ ಚಾರ್ಜ್. ಅದೂ ಸೇರಿಸಿ 5% ಜಿಎಸ್‌ಟಿ. ಒಟ್ಟು 2,668. ಜಿಎಸ್‌ಟಿ ಸರಿ, ಅದು ಕಾನೂನು. ಸರ್ವಿಸ್ ಚಾರ್ಜ್ ಕೊಡಲ್ಲ ಅಂದೆ. ಹೋಟೆಲಿನವರು ತಾವಾಗಿಯೇ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರದ ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿದಿದೆ. ಮ್ಯಾನೇಜರ್ ಮುಖ ಹುಳ್ಳಗೆ ಮಾಡಿಕೊಂಡು ತೆಗೆದ. ಅವ್ವನಿಗೆ ನಾಚಿಕೆ ಆಯಿತು, "ಹೋಗ್ಲಿ ಕೊಡೋ" ಅಂತ ಜಗ್ಗುತ್ತಿದ್ದಳು. ಬಿಲ್ಲಿನಲ್ಲಿ ಕಮ್ಮಿಯಾದ ಆ 242 ರೂಪಾಯಿಯಲ್ಲಿ ಸಿರುಗುಪ್ಪದ ಹುಡುಗನ ಕೈಗೆ ನೂರು ಇಟ್ಟೆ. ಉಳಿದಿದ್ದರಲ್ಲಿ ರಸ್ತೆ ಬದಿಯ ಬಂಡಿಯಲ್ಲಿ ಎಲ್ಲರಿಗೂ ಒಗ್ಗರಣೆ ಮಿರ್ಚಿ ಆಯಿತು. ಅಲ್ಲಿ ಮಿರ್ಚಿ ಕಚ್ಚಿ ಮಗಳ ಕಣ್ಣಲ್ಲಿ ನೀರು ಬಂತು, ಗವಿಮಠದ ಜಾತ್ರೆ ದಾಸೋಹದ ಮಿರ್ಚಿ ಇದಕ್ಕಿಂತ ಖಾರ ಅಂತ ಅವ್ವ ಸಮಾಧಾನ ಮಾಡಿದಳು. ಅದು ಎಂಥ ಸಮಾಧಾನವೋ.

ಮೂರನೇ ಸಲದ ಬಗ್ಗೆ ಹೇಳುವಷ್ಟಿಲ್ಲ. ಹೊಸ ಷೆಫ್ ಬಂದಿದ್ದಾರೆ ಬನ್ನಿ ಸರ್ ಅಂತ ಮ್ಯಾನೇಜರೇ ಫೋನ್ ಮಾಡಿದ. ನಮ್ಮ ಜೀನ್ಸ್ ಯೂನಿಟ್ಟಿನ ನಾಲ್ಕು ಜನ ಹೋದೆವು. ಆವಕಾಡೊ ಚಟ್ನಿಯಲ್ಲಿ ಹಸಿ ಬಟಾಣಿಯೇ ಜಾಸ್ತಿ. ಮೆನುವಿನಲ್ಲಿ ತಮಾಲೆ ಅಂತ ಒಂದಿದೆ, ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಕಡುಬು. ಅದನ್ನೊಂದು ತಿನ್ನಬೇಕು ಅಂತ ಮೂರೂ ಸಲ ಕೇಳಿದೆ. ಮೂರೂ ಸಲ "ಇವತ್ತಿಲ್ಲ ಸರ್". ಚುರೋಸ್ ಎಂಬ ಸಿಹಿ ಮಾತ್ರ ಬಿಸಿಯಾಗಿ, ಗರಿಗರಿಯಾಗಿ ಚೆನ್ನಾಗಿತ್ತು. ನ್ಯಾಯ ನ್ಯಾಯವೇ.

ನನಗೆ ದುಡ್ಡಿನ ಸಿಟ್ಟಿಲ್ಲ ದೋಸ್ತ. ರೊಟ್ಟಿ, ಕಾಳು, ಖಾರ. ನಮ್ಮಂಥವರದೇ ಊಟ ಅದು. ಅದನ್ನು ಕತ್ತಲೆಯಲ್ಲಿಟ್ಟು, ಖಾರ ತೆಗೆದು, ಇದು ನಿಮಗೆ ಗೊತ್ತಾಗಲ್ಲ ಎನ್ನುವ ಮುಖ ಮಾಡಿಕೊಂಡು ನಮಗೇ ಬಡಿಸಿದರಲ್ಲ, ಅದು ಚುಚ್ಚಿತು.

ಟೇಬಲ್ ಬುಕ್ ಮಾಡಿಲ್ಲ. ಮನೆಗೇ ಬಾ. ಅವ್ವ ಇನ್ನೂ ಊರಿಗೆ ಹೋಗಿಲ್ಲ. ಸಂತೆಯಿಂದ ಒಂದು ಕಿಲೋ ಒಣ ಮೆಕ್ಕೆಜೋಳ ತರಿಸಿ, ಎಲೆ ಅಂಗಡಿಯಿಂದ ಸುಣ್ಣ ತರಿಸಿದಳು. ಮೊದಲ ಸಲ ಸುಣ್ಣ ಜಾಸ್ತಿಯಾಗಿ ನಾಲಿಗೆ ಜುಮ್ಮೆಂದಿತು, ತೊಳೆದಿದ್ದೂ ಸಾಲಲಿಲ್ಲ. ರೊಟ್ಟಿ ಮಾತ್ರ ಹರಿಯಲಿಲ್ಲ. ನಿನ್ನೆ ರಾತ್ರಿ ಮತ್ತೆ ನೆನೆಸಿಟ್ಟಿದ್ದಾಳೆ. ಬರುವಾಗ ಮಾರ್ಕೆಟ್ಟಿನಲ್ಲಿ ತೆನೆಯ ಸಿಪ್ಪೆ ಸಿಕ್ಕರೆ ತಗೊಂಡು ಬಾ, ಕಡುಬೂ ನೋಡೇ ಬಿಡೋಣ ಅನ್ನುತ್ತಿದ್ದಾಳೆ.

ನಿನ್ನ,
ಬಳ್ಳಾರಿಯ ದೋಸ್ತ