ಕಂಪ್ರೆಸರ್ ಟ್ಯಾಂಕಿನ ನೀರು ದಿನಾ ಬಿಡಿ

ಸಂಪಾದಕರಿಗೆ ನಮಸ್ಕಾರ.

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಹದಿನೆಂಟು ವರ್ಷದಿಂದ ಏರ್ ಕಂಪ್ರೆಸರ್, ಅಂದರೆ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಮೆಷಿನ್, ರಿಪೇರಿ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ನನಗೆ ಕೆಲಸ ಜಾಸ್ತಿ. ಅದರಲ್ಲಿ ಅರ್ಧಕ್ಕರ್ಧ ಬರಲೇಬಾರದ ಕೆಲಸ, ಅದಕ್ಕೇ ಈ ಪತ್ರ.

ಕಳೆದ ಜುಲೈನಲ್ಲಿ ಒಂದು ಫ್ಯಾಬ್ರಿಕೇಷನ್ ಶೆಡ್‌ಗೆ ಕರೆದರು. ಗಾಳಿ ಬೇಗ ಖಾಲಿ ಆಗ್ತದೆ, ಮೋಟಾರು ಪದೇ ಪದೇ ಸ್ಟಾರ್ಟ್ ಆಗ್ತದೆ ಅಂದರು. ಟ್ಯಾಂಕಿನ ಕೆಳಗೆ ನೆಲ ಒದ್ದೆ. ಮಾಡು ಸೋರುತ್ತಿದೆ ಅಂದುಕೊಂಡಿದ್ದರು. ಟ್ಯಾಂಕಿನ ತಳದಲ್ಲಿ ನೀರು ಬಿಡಲು ಇರುವ ಡ್ರೈನ್ ವಾಲ್ವ್ ತುಕ್ಕು ಹಿಡಿದು ಅಲುಗಾಡಲಿಲ್ಲ. ಗಾಳಿಯನ್ನೆಲ್ಲ ಖಾಲಿ ಮಾಡಿ, ಸ್ಪ್ಯಾನರ್ ಹಾಕಿ ಬಿಚ್ಚಿದರೆ ಕಾಫಿ ಡಿಕಾಕ್ಷನ್ ಬಣ್ಣದ ನೀರು, ಮುಕ್ಕಾಲು ಬಕೆಟ್! ಅದರ ಹಿಂದೆಯೇ ತುಕ್ಕಿನ ಹಕ್ಕಳೆ. ಒರೆಸಿ ನೋಡಿದೆ. ತಳದ ವೆಲ್ಡಿಂಗ್ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು.

"ಒಂದು ಪ್ಯಾಚ್ ಹೊಡೆದುಬಿಡಿ ಮಾರಾಯ್ರೆ" ಅಂದರು ಮಾಲೀಕರು. ನಾನು ಒಪ್ಪಲಿಲ್ಲ. ಕಾಣುವುದು ಒಂದೇ ತೂತಾದರೂ ಅದರ ಸುತ್ತಲಿನ ತಗಡು ಒಳಗಿಂದ ಸವೆದಿರುತ್ತದೆ. ಒಳಗಿನ ಗಾಳಿ 7 ಬಾರ್, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ ಒತ್ತಡ, ಅಂಥ ಟ್ಯಾಂಕ್ ಸಿಡಿದರೆ ಪಕ್ಕದಲ್ಲಿ ಕೆಲಸ ಮಾಡುವ ಹುಡುಗರ ಗತಿ ಏನು? ಕೊನೆಗೆ ಬೇಸರದಿಂದಲೇ ಹೊಸ ಟ್ಯಾಂಕ್ ತಂದರು.

ಈ ನೀರು ಎಲ್ಲಿಂದ ಬಂತು ಅಂತ ಕೇಳುವವರು ಬಹಳ. ಗಾಳಿಯಲ್ಲೇ ಇದೆ. 30 ಡಿಗ್ರಿ ಸೆಕೆ, ಶೇ 80ರಷ್ಟು ತೇವ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಅದನ್ನು 7 ಬಾರ್‌ಗೆ ಒತ್ತಿ ತಣ್ಣಗಾಗಲು ಬಿಟ್ಟರೆ ಹತ್ತಿರ ಹತ್ತಿರ 20 ಗ್ರಾಂ ನೀರಾಗಿ ಇಳಿಯುತ್ತದೆ. ದಿನಕ್ಕೆ 100 ಘನ ಮೀಟರ್ ಗಾಳಿ ಎಳೆದರೆ ಎರಡು ಲೀಟರ್ ಆಯಿತು. ಸ್ವಲ್ಪ ಪೈಪಿಗೆ ಹೋಗುತ್ತದೆ, ಸ್ಪ್ರೇ ಪೇಂಟಿನಲ್ಲಿ ಗುಳ್ಳೆ ಬರುವುದು ಎಷ್ಟೋ ಸಲ ಅದರಿಂದಲೇ. ಉಳಿದದ್ದು ಟ್ಯಾಂಕಿನ ತಳದಲ್ಲಿ ಕೂತು ಕಬ್ಬಿಣ ತಿನ್ನುತ್ತದೆ.

ಸಂಜೆ ಮೆಷಿನ್ ಆಫ್ ಮಾಡಿದ ಮೇಲೆ, ಒಳಗೆ ಸ್ವಲ್ಪ ಗಾಳಿ ಇರುವಾಗಲೇ ಡ್ರೈನ್ ವಾಲ್ವ್ ನಿಧಾನಕ್ಕೆ ತೆರೆಯಿರಿ. ನೀರು ನಿಂತು ಬರೀ ಗಾಳಿ ಬರುವವರೆಗೆ ಬಿಡಿ. ಒಂದೆರಡು ನಿಮಿಷದ ಕೆಲಸ ಅಲ್ವಾ? ಆದರೆ ಯಾರಾದರೂ ಮಾಡುತ್ತಾರೆ ಅಂತ ಬಿಟ್ಟರೆ ಯಾರೂ ಮಾಡುವುದಿಲ್ಲ, ಒಬ್ಬರಿಗೆ ಹೆಸರು ಹೇಳಿ ಒಪ್ಪಿಸಿ.

ಏರ್ ಫಿಲ್ಟರ್ ಧೂಳು ತುಂಬುವ ಮೊದಲೇ ಬಿಚ್ಚಿ ನೋಡಿ. ಕಂಪ್ರೆಸರ್ ಆಯಿಲ್ ಬದಲು ಕೈಗೆ ಸಿಕ್ಕಿದ ಎಂಜಿನ್ ಆಯಿಲ್ ಹಾಕಬೇಡಿ, ವಾಲ್ವ್ ಪ್ಲೇಟಿನ ಮೇಲೆ ಮಸಿ ಕಟ್ಟುತ್ತದೆ. ಗಾಳಿ ಸಾಲದು ಅಂತ ಸುಮ್ನೆ ಪ್ರೆಷರ್ ಏರಿಸಲೂ ಬೇಡಿ. ಒಂದು ಬಾರ್ ಏರಿಸಿದರೆ ಕರೆಂಟ್ ಶೇ 6–7ರಷ್ಟು ಜಾಸ್ತಿ ಎಳೆಯುತ್ತದೆ. ಮೊದಲು ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಲೀಕ್ ಹುಡುಕಿ. ಇನ್ನು ಒತ್ತಡ ಮಿತಿ ಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಸೋರುತ್ತದೆ ಅಂತ ಅದನ್ನು ತೆಗೆದು ಪ್ಲಗ್ ಹೊಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೈ ಮುಗಿದು ಕೇಳುತ್ತೇನೆ, ಹಾಗೆ ಮಾತ್ರ ಮಾಡಬೇಡಿ.

ಈ ಪತ್ರ ಓದುವ ಶೆಡ್ ಮಾಲೀಕರು, ಪಂಕ್ಚರ್ ಅಂಗಡಿಯವರು ಇವತ್ತು ಸಂಜೆಯೇ ಆ ಡ್ರೈನ್ ವಾಲ್ವ್ ತಿರುಗಿಸಿ ನೋಡಿ. ತಿರುಗದಿದ್ದರೆ ಗಾಳಿ ಪೂರ್ತಿ ಖಾಲಿ ಮಾಡಿ, ಗೇಜ್ ಸೊನ್ನೆಗೆ ಬಂದ ಮೇಲೆಯೇ ಸ್ಪ್ಯಾನರ್ ಹಾಕಿ.

– ಕಂಪ್ರೆಸರ್ ಮೆಕ್ಯಾನಿಕ್, ಬೈಕಂಪಾಡಿ, ಮಂಗಳೂರು